ಹಿಂಬಾಗಿಲು ಮುಚ್ಚದವಳು

ಅಜ್ಜಂಪುರ
೧೨-೧೧-೧೯೭೮

ಚಿ. ಕೃಷ್ಣಸ್ವಾಮಿಗೆ ಆಶೀರ್ವಾದ.

ಹಾಗಲ್ಲ ಕಣೋ. ನಿನ್ನೆ ತರೀಕೆರೆ ಸಭೆಯಲ್ಲಿ ಆ ಲೆಕ್ಚರರು, "ನಿಮ್ಮ ಆ ಹಳೇ ಕತೆ ನಿಮ್ಮಕ್ಕ ಬರೆದದ್ದಂತೆ, ಹೌದೇ?" ಅಂದಾಗ ನೀನು, "ಸತ್ತೋರು ಬಂದು ಸಾಕ್ಷಿ ಹೇಳ್ತಾರೇನ್ರೀ?" ಅಂತ ನಕ್ಕೆ. ನಾನೂ ನಕ್ಕೆ. ಸಂಶಯದ ಲಾಭ, ಆ ಬೆನಿಫಿಟ್ ಆಫ್ ಡೌಟ್, ಸತ್ತವರಿಗೋ ಬದುಕಿರುವವರಿಗೋ, ಲಾ ಕಾಲೇಜಲ್ಲಿ ಹೇಳಿಕೊಟ್ಟಿದ್ದರು, ಮರೆತುಹೋಗಿದೆ.

ಇವತ್ತು ಆ ಕತೆಯನ್ನು ಮೊದಲ ಸಲ ಓದಿದೆ. ದೀಪ ಹಚ್ಚುವಾಗ ಲಕ್ಷ್ಮಿ ಹೊರಟುಹೋಗಬಾರದೆಂದು ಎಲ್ಲರೂ ಹಿಂಬಾಗಿಲು ಮುಚ್ಚುತ್ತಾರೆ. ಕಡೂರಿನ ನಿಮ್ಮ ಮನೆಯಲ್ಲಿ ನಿಮ್ಮಮ್ಮ ಕೂಗಿ ಕೂಗಿ ಮುಚ್ಚಿಸುತ್ತಿದ್ದರು. ಕತೆಯ ತಾಯಿ ಮಾತ್ರ ಒಂದು ಗೇಣು ತೆರೆದಿಡುತ್ತಾಳೆ, ಸತ್ತ ಮಗು ಒಳಗೆ ಬರಲಿ ಅಂತ.

ನಮ್ಮ ಮಗು ಹೋದ ಮೇಲೆ ನಿಮ್ಮಕ್ಕ ತುಂಗ ದಿನಾ ಹಾಗೇ ಮಾಡುತ್ತಿದ್ದಳು. "ಯಾರಿಗೂ ಹೇಳಬೇಡಿ, ನಗ್ತಾರೆ" ಅಂದಿದ್ದಳು. ನಾನು ಯಾರಿಗೂ ಹೇಳಲಿಲ್ಲ, ನಿನಗೂ.

ಬರೆದದ್ದನ್ನು ಅವಳೇ ಕೊಟ್ಟಳೋ, ನೀನೇ ಕೇಳಿದೆಯೋ, ಅದು ನನಗೆ ಬೇಡ. ನಿನ್ನ ಪುಸ್ತಕ ಅಚ್ಚಿಗೆ ಹೋಗೋ ಮುಂಚೆ ಆ ಕತೆಗೆ ಅವಳ ಹೆಸರು ಹಾಕಿಸು, ಅಷ್ಟೇ. ಜಗಳವಿಲ್ಲ. ಸಂಕ್ರಾಂತಿಗೆ ಬರುವಾಗ ಮನೆಯವರ ಕೈಲಿ ಒಂದಿಷ್ಟು ಬತ್ತಿ ಹೊಸೆಸಿಕೊಂಡು ಬಾ. ನಾನು ಹೊಸೆದದ್ದು ಬೇಗ ಆರಿಹೋಗುತ್ತದೆ.

ಇನ್ನೂ ಏನೋ ಬರೆಯಬೇಕಿತ್ತು. ಬೆಳಕು ಇಳೀತಾ ಇದೆ, ಅಕ್ಷರ ಕಾಣುತ್ತಿಲ್ಲ. ಎದ್ದು ದೀಪ ಹಚ್ಚಬೇಕು. ಹಿಂಬಾಗಿಲನ್ನು ನಾನು ಒಂದು ಗೇಣಲ್ಲ, ಪೂರ್ತಿ ತೆರೆದಿಡುತ್ತೇನೆ. ಈಗ ಬರುವವರು ಇಬ್ಬರು.

ನಿನ್ನ ಭಾವ,
ಗುಂಡಣ್ಣ