ಅಟ್ಟದ ಒಣ ಕಟ್ಟಿಗೆ

ಹ್ರಿನ್ಯೋವಾ, ಮೇಲಿನ ಕೇರಿ
ಜನವರಿ 27, ಮಂಗಳವಾರ

ಪ್ರೀತಿಯ ಮಾವನವರಿಗೆ,

ಕೆಮ್ಮು ಹೇಗಿದೆ? ಈಗಲೂ ರಾತ್ರಿ ನಡುವೆ ಎದ್ದು ಕೂರಬೇಕಾಗುತ್ತದೆಯೇ, ಅಥವಾ ಒಂದೇ ಮಗ್ಗುಲಲ್ಲಿ ಬೆಳಗಾಗುತ್ತಿದೆಯೇ? ನಿಮಗೆ ಮತ್ತೆ ಜ್ವರ ಬಂದಿದೆ ಎಂದು ನರ್ಸಮ್ಮ ಫೋನು ಮಾಡಿದಾಗಿನಿಂದ ನಾನು ಆಸ್ಪತ್ರೆಗೆ ಮತ್ತೆ ಮತ್ತೆ ಫೋನು ಮಾಡಿ ವಿಚಾರಿಸುತ್ತಿದ್ದೆ. ಇಳಿಯಿತು ಎಂದು ನಿನ್ನೆ ಕೇಳಿದ ಮೇಲೆಯೇ ಈ ಕಾಗದ ಬರೆಯಲು ಧೈರ್ಯ ಬಂತು. ಅಲ್ಲಿಯ ಜೀರಿಗೆ ಸೂಪನ್ನು ನೀವು ಮುಖ ಸಿಂಡರಿಸಿ ಪಕ್ಕಕ್ಕೆ ತಳ್ಳುತ್ತೀರಂತೆ. ದಯವಿಟ್ಟು ಕುಡಿಯಿರಿ, ನನ್ನ ಅಡುಗೆಗೆ ಹೆಸರಿಡುವುದು ಇಲ್ಲಿಗೆ ಬಂದ ಮೇಲೆ ಇದ್ದೇ ಇದೆ. ಫೋನಿನಲ್ಲೇ ಮಾತಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ಮಾತಾಡುವುದಕ್ಕಿಂತ ಕೆಮ್ಮುವುದೇ ಹೆಚ್ಚು, ಆ ಕೆಮ್ಮು ಕೇಳಿದರೆ ಹೇಳಬೇಕೆಂದುಕೊಂಡದ್ದನ್ನು ಬಿಟ್ಟು ಮದ್ದಿನ ಮಾತಾಡಿ ಇಟ್ಟುಬಿಡುತ್ತೇನೆ. ನಿಮ್ಮ ಮೊಮ್ಮಗಳು ಡೊರ್ಕಾಳ ನೆಗಡಿ ವಾಸಿಯಾಗಿದೆ. ತಾತ ಎಲ್ಲಿ ಎಂದು ಯಾರಾದರೂ ಕೇಳಿದರೆ, ಬೆಟ್ಟದ ಮೇಲೆ ಗಾಳಿ ತುಂಬಿಸಿಕೊಳ್ಳಲು ಹೋಗಿದ್ದಾರೆ ಎನ್ನುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ, ಅವಳದೇ ಮಾತು.

ಮನೆಯ ಸುದ್ದಿ ಹೇಳುತ್ತೇನೆ. ನೆಲಮಾಳಿಗೆ ಈಗ ನಿಮಗೆ ಗುರುತೇ ಸಿಗಲಿಕ್ಕಿಲ್ಲ. ಕಲ್ಲಿದ್ದಲಿನ ಆ ಹಳೆಯ ಒಲೆಯನ್ನು ಗರಗಸ ಹಾಕಿ ತುಂಡು ಮಾಡಿ ಹೊರಗೆಳೆದರು. ಅದರ ಹಿಂದಿನ ಗೋಡೆಯ ಮಸಿಯನ್ನು ನಾನು ಕೆರೆದು ಕೆರೆದು ಬೆರಳು ಸವೆಸಿಕೊಂಡೆ. ಇಷ್ಟು ವರ್ಷ ಇದೇ ನಿಮ್ಮ ಎದೆಯೊಳಗೆ ಹೋಗುತ್ತಿತ್ತಲ್ಲ ಎಂದು ಮತ್ತೊಮ್ಮೆ ಕೆರೆದೆ. ಆ ಹೊಗೆಯ ಮನೆಗೆ ನಿಮ್ಮನ್ನು ಮರಳಿ ಕಳಿಸುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ ದಿನವೇ ಒಲೆ ಬದಲಿಸೋಣ ಎಂದು ನಾನು ನಿಮ್ಮ ಮಗನ ಬೆನ್ನು ಹತ್ತಿದ್ದು ನಿಮಗೆ ಗೊತ್ತು. ಅದರ ಜಾಗದಲ್ಲಿ ಕೂರಿಸಿದ ಈ ಹೊಸ ಒಲೆಯಲ್ಲಿ ಕಟ್ಟಿಗೆ ನೇರವಾಗಿ ಉರಿಯುವುದಿಲ್ಲ. ಮೇಲಿನ ಗೂಡಿನಲ್ಲಿ ಬೆಂದು ಗ್ಯಾಸಾಗುತ್ತದೆ, ಫ್ಯಾನು ಆ ಗ್ಯಾಸನ್ನು ಕೆಳಕ್ಕೆಳೆಯುತ್ತದೆ, ಅದು ಕೆಳಗಿನ ಗೂಡಿನಲ್ಲಿ ಹತ್ತಿಕೊಳ್ಳುತ್ತದೆ. ಉರಿ ತಲೆಕೆಳಗಾಗಿ ಕೆಳಮುಖವಾಗಿ ಉರಿಯುವುದನ್ನು ಮೊದಲ ಸಲ ಗಾಜಿನಲ್ಲಿ ನೋಡಿ ನಾನು ಬೆಪ್ಪಾಗಿ ನಿಂತುಬಿಟ್ಟೆ. ಕಾದ ನೀರು ದೊಡ್ಡ ಟ್ಯಾಂಕಿನಲ್ಲಿ ಕೂತು ಇಡೀ ದಿನ ಕೋಣೆಗಳಿಗೆ ಹರಿಯುತ್ತದೆ. ಚಿಮಣಿಯಲ್ಲಿ ಹೊಗೆಯ ಎಳೆಯೂ ಕಾಣುವುದಿಲ್ಲ. ಹೊಗೆಯಿಲ್ಲದ ಒಲೆಯನ್ನೂ ಮಾತಿಲ್ಲದ ಸೊಸೆಯನ್ನೂ ನಾನು ಕಂಡಿಲ್ಲ ಎಂದಿದ್ದಿರಲ್ಲ, ಒಲೆಯನ್ನಾದರೂ ಬಂದು ನೋಡಿ.

ಅದನ್ನು ಇಳಿಸಿದ ದಿನ ಪಕ್ಕದ ಮನೆಯ ವಿಲ್ಮಜ್ಜಿ ಬೇಲಿಗೆ ಒರಗಿ ನಿಂತಿದ್ದಳು. “ಏನೇ ಝೆಲ್ಮೀರಾ, ವಿಮಾನ ತರಿಸ್ಕೊಂಡ್ಯಾ? ಫ್ಯಾನ್ ಬೇರೆ ಇದ್ಯಲ್ಲ. ಕರೆಂಟ್ ಹೋದ್ರೆ ಬಾಯಲ್ಲಿ ಊದ್ತೀಯಾ?” ಎಂದಳು. ನಾನೂ ಬಿಡಲಿಲ್ಲ. “ನೀವು ನಿಮ್ಮ ಹೊಗೆ ಕುಡ್ಕೊಂಡಿರಿ ಅಜ್ಜಿ. ನಿಮ್ಮನೆ ಬಾಗ್ಲಿಗೆ ಬೆಂಕಿ ಕೇಳ್ಕೊಂಡು ನಾನಂತೂ ಬರಲ್ಲ” ಎಂದೆ. ಅವಳು ತಿರುಗಿ ಒಳಗೆ ಹೋದಳು. ನನ್ನ ಬಾಯಿ ಎಂಥದು ಎಂದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಈ ಒಲೆಗೆ ಒಂದೇ ಒಂದು ಹಟ. ಕಟ್ಟಿಗೆ ಚೆನ್ನಾಗಿ ಒಣಗಿರಬೇಕು, ಸೀಳಿ ಎರಡು ಬೇಸಿಗೆಯಾದರೂ ಕಳೆದಿರಬೇಕು. ನಾವೋ ಕಲ್ಲಿದ್ದಲಿನವರು, ನಮ್ಮಲ್ಲಿ ಒಣ ಕಟ್ಟಿಗೆ ಎಲ್ಲಿಂದ ಬರಬೇಕು? ನಿಮ್ಮ ಮಗ ಶರತ್ಕಾಲದಲ್ಲಿ ಕಡಿಸಿ ತಂದ ಬೀಚ್ ಮರದ ರಾಶಿ ನೋಡಲು ಭರ್ಜರಿಯಾಗಿತ್ತು, ಒಳಗೆಲ್ಲ ಹಸಿ. ಒಲೆ ಕೂರಿಸಿದ ಗೇಜಾ ಎಂಬವನು ಬಾಯಿತುಂಬ ಮಾತಾಡಿ, “ಏನೂ ಆಗಲ್ಲಮ್ಮ, ಇದು ಕಲ್ಲು ಹಾಕಿದ್ರೂ ಉರಿಯುತ್ತೆ” ಎಂದು ಹೇಳಿ ಹೋದ. ಅಡುಗೆಮನೆಯ ಹಳೆಯ ಒಲೆಯ ಚಿಮಣಿಗೇ ಇದರ ಪೈಪು ಜೋಡಿಸಿದ್ದರಿಂದ ಆ ಒಲೆಯನ್ನೂ ಮುಚ್ಚಿ ಹೋಗಿದ್ದ. ನಿಮ್ಮ ಮಗ ಎಂದಿನಂತೆ ತನ್ನ ಎರಡು ವಾರದ ಪಾಳಿಗೆ ಆಸ್ಟ್ರಿಯಾಕ್ಕೆ ಹೊರಟ. ಅವನು ಹೋದ ಮೇಲೆಯೇ ಆ ಹಾಳು ಚಳಿ ಬಂದೆರಗಿತು.

ಹಸಿ ಬೀಚ್ ಹಾಕಿದರೆ ಒಲೆಯೊಳಗೆ ಉರಿಯೇ ಇಲ್ಲ, ಬರೀ ಸುಂಯ್ ಎಂದು ಬೆವರುತ್ತಿತ್ತು. ಬಾಗಿಲಿನ ಒಳಗಡೆ ಡಾಂಬರಿನಂಥ ಕರಿ ಅಂಟು ಇಳಿಯತೊಡಗಿತು. ತೆರೆದು ನೋಡಿದರೆ ಹಳೆಯ ಒಲೆಗಿಂತ ಹೆಚ್ಚು ಹೊಗೆ ಮುಖಕ್ಕೆ ರಾಚಿತು. ಟ್ಯಾಂಕಿನ ನೀರು ತಣ್ಣಗಾಯಿತು. ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಪೇಟೆಯಿಂದ ಕಟ್ಟಿಗೆ ತರಿಸುವುದೂ ಸಾಧ್ಯವಿರಲಿಲ್ಲ. ಡೊರ್ಕಾಳಿಗೆ ನೆಗಡಿ, ಮೂಗು ಕಟ್ಟಿಕೊಂಡು ಅಳುತ್ತಿದ್ದಳು. ಅವಳನ್ನು ಎರಡು ರಜಾಯಿಯೊಳಗೆ ಸುತ್ತಿಟ್ಟು ನಾನು ಮನೆಯಲ್ಲಿದ್ದ ಒಣಮರವನ್ನೆಲ್ಲ ಹುಡುಕಿದೆ. ಮುರಿದ ಮಂಚ ಹೋಯಿತು, ಕೋಳಿಗೂಡಿನ ಹಲಗೆ ಹೋಯಿತು, ಅತ್ತೆಯವರ ಎಲೆಕೋಸಿನ ಪೀಪಾಯಿಯ ಮುಚ್ಚಳ ಹೋಯಿತು. ಒಣಗಿದ್ದನ್ನು ಹಾಕಿದಾಗಲೆಲ್ಲ ಆ ಒಲೆ ಎಷ್ಟು ಚಂದ ಉರಿಯುತ್ತಿತ್ತೆಂದರೆ ನನಗೆ ಇನ್ನಷ್ಟು ಹಾಕುವ ಆಸೆಯಾಗುತ್ತಿತ್ತು. ಆಮೇಲೆ ಅಟ್ಟ ಹತ್ತಿದೆ.

ಅದನ್ನು ನಿಮ್ಮ ಮಗ ಫೋನಿನಲ್ಲಿ ಹೇಳಿದ್ದಾನೆ. ಕತ್ತಲಲ್ಲಿ, ಗಡಿಬಿಡಿಯಲ್ಲಿ, ಹಳೆಯ ಬೇಲಿಯ ಗೂಟಗಳೆಂದು ತಿಳಿದು ಇಳಿಸಿಬಿಟ್ಟಳು ಎಂದು ಹೇಳಿದನಂತೆ. ಅವನು ಹೇಳಿದ ಹಾಗೆಯೇ ಆಯಿತು. ನೀವು ಆಳೆತ್ತರದ ಫುಯಾರಾ ಕೊಳಲು ಮಾಡಲೆಂದು ಒಣಗಿಸಿಟ್ಟಿದ್ದ ಬಜಾ ಮರದ ಕಾಂಡಗಳು, ಒಂದೂ ಬಿಡದೆ, ಬೂದಿಯಾದವು. ನೀವು “ಮಗು ಬೆಚ್ಚಗಿದ್ಲಾ?” ಎಂದು ಮಾತ್ರ ಕೇಳಿದಿರಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಮಾವ. ಎದೆಯ ಆಪರೇಷನ್ನಿಗೆ ಮುಂಚೆ ನೀವು ಡಾಕ್ಟರಿಗೆ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದ್ದೆ. “ಇನ್ನೊಂದು ಫುಯಾರಾ ಮಾಡಿ ಊದೋವಷ್ಟು ಉಸಿರು ಉಳಿಸ್ಕೊಡಿ, ಮಿಕ್ಕಿದ್ದು ನಿಮ್ಗೇ ಇರ್ಲಿ” ಎಂದಿದ್ದಿರಿ. ಡಾಕ್ಟರು ನಕ್ಕು, ಊದುವುದೇ ನಿಮಗೆ ಮದ್ದು ಎಂದಿದ್ದರು. ನಿಮ್ಮ ಉಸಿರಿಗಾಗಿ ಒಲೆ ತಂದೆ, ಆ ಒಲೆಗೆ ನಿಮ್ಮ ಕೊಳಲನ್ನೇ ತಿನ್ನಿಸಿದೆ. ಇದನ್ನು ಯಾವ ಬಾಯಲ್ಲಿ ಹೇಳಲಿ?

ಮರುದಿನ ಹಿತ್ತಲಿನ ಹಿಮದ ಮೇಲೆ ಬಿದ್ದಿದ್ದ ತೊಗಟೆಯ ಚೂರನ್ನು ವಿಲ್ಮಜ್ಜಿ ಎತ್ತಿ ಮೂಸಿ ನೋಡಿದಳು. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. “ಬಜಾನ ಒಲೆಗೆ ಹಾಕಿದ್ಯೇನೇ ಮಹರಾಯ್ತಿ? ಮನೆ ಯಜಮಾನ ಆಸ್ಪತ್ರೇಲಿ ಮಲ್ಗಿರೋವಾಗ? ನಮ್ಮಮ್ಮ ಅದರ ಕಡ್ಡೀನೂ ಸುಡೋಕೆ ಬಿಡ್ತಿರಲಿಲ್ಲ, ಸುಟ್ಟ ಮನೇಲಿ ಹೆಣ ಬೀಳುತ್ತೆ ಅಂತಿದ್ಳು” ಎಂದಳು. ಅಂಥದ್ದೆಲ್ಲ ನಾನು ನಂಬುವವಳಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಅದೇ ಮಧ್ಯಾಹ್ನ ನರ್ಸಮ್ಮನ ಫೋನು ಬಂತು, ನಿಮಗೆ ಜ್ವರ ಎಂದು. ಮಾವ, ಒಲೆಯ ಬೂದಿಯನ್ನೆಲ್ಲ ಬಾಚಿ ತೆಗೆದುಕೊಂಡು ಹೋಗಿ ಚರ್ಚಿನ ಹಿಂದೆ ಹಿಮದಲ್ಲಿ ಹೂತು ಬಂದೆ. ನಂಬದವಳು ಮಾಡುವ ಕೆಲಸವೇ ಇದು? ನಗುವುದಾದರೆ ನಕ್ಕುಬಿಡಿ, ನನಗೂ ಸಮಾಧಾನವಾಗುತ್ತದೆ.

ದಾರಿ ತೆರೆದ ಮೇಲೆ ದೇತ್ವಾಕ್ಕೆ ಹೋಗಿ, ಸಂತೆಯ ಹತ್ತಿರ ಫುಯಾರಾ ಮಾಡುವವರ ಮನೆಯಲ್ಲಿ ಒಣಗಿದ ಬಜಾ ಇದ್ದರೆ ಕೊಡಿ ಎಂದು ಕೇಳಿದೆ. ಆ ಮನುಷ್ಯ ಒಳ್ಳೆಯವನೇ. ಯಾರಿಗೆ ಎಂದು ಕೇಳಿದ. ನಿಮ್ಮ ಹೆಸರು ಹೇಳಿದೆ. “ಒಂದ್ರೇಯ್ ಮಾಮನಿಗೆ ನಾನು ಮರ ಕೊಡೋದಾ? ಅವ್ರು ತಾವೇ ಕಡಿಯದ ಮರಾನ ಕೈಯಲ್ಲೂ ಮುಟ್ಟಲ್ಲ” ಎಂದ. ಅದು ನನಗೂ ಗೊತ್ತಿತ್ತು, ಆದರೂ ಕೇಳಿದೆ. ಬರಿಗೈಯಲ್ಲಿ ಬಂದೆ. ನಿನ್ನೆ ಹೊಳೆಯ ಆಚೆ ಇಳಿದು ನೆಟ್ಟಗಿದ್ದ ಎರಡು ಬಜಾ ಕಾಂಡ ಕಡಿದು ತಂದೆ. ನೀವು ಮಾಡುವ ಹಾಗೆಯೇ ತುದಿಗಳಿಗೆ ಮೇಣ ಬಳಿದು ಅಟ್ಟದಲ್ಲಿ ಮಲಗಿಸಿದ್ದೇನೆ. ಎತ್ತಿದರೆ ನೀರಿನ ಕೊಡದಷ್ಟು ಭಾರ, ಅಷ್ಟು ಹಸಿ. ಅವು ಒಣಗಬೇಕಾದರೆ ಎಷ್ಟು ವರ್ಷ ಬೇಕು, ನಿಮಗೀಗ ಎಷ್ಟು ವಯಸ್ಸು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ನನಗೆ ತುಂಬ ನೋವಾಗಿದೆ ಮಾವ. ತುಂಬ ನಾಚಿಕೆಯಾಗಿದೆ.

ಈಗ ಒಲೆಗೆ ಒಣ ಕಟ್ಟಿಗೆ ಬಂದಿದೆ, ಪೇಟೆಯಿಂದ ತರಿಸಿದ್ದೇವೆ. ನಿಮ್ಮ ಕೋಣೆಯ ಪೈಪು ಮುಟ್ಟಿದರೆ ಬೆಚ್ಚಗಿದೆ. ಕಿಟಕಿಯ ಪರದೆ ಒಗೆದು ಹಾಕಿದ್ದೇನೆ, ವಾರವಾದರೂ ಬೆಳ್ಳಗೇ ಇದೆ. ಶನಿವಾರ ನಿಮ್ಮನ್ನು ಬಿಡುತ್ತಾರಂತೆ, ನಿಮ್ಮ ಮಗ ಅಷ್ಟರೊಳಗೆ ಬಂದಿರುತ್ತಾನೆ. ಕುರಿಹಾಲಿನ ಚೀಸು, ಗಸಗಸೆಯ ಸುರುಳಿ ರೊಟ್ಟಿ ಎರಡನ್ನೂ ಮಾಡಿಟ್ಟಿರುತ್ತೇನೆ. ಪಕ್ಕದ ಹಾಸಿಗೆಯ ಮುದುಕರಿಗೆ ನಮಸ್ಕಾರ ಹೇಳಿ, ನರ್ಸಮ್ಮನ ಮೇಲೆ ಸಿಡುಕಬೇಡಿ. ಡೊರ್ಕಾ ನಿಮ್ಮ ಮೀಸೆಗೆ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮ ಎದೆಯನ್ನು ಗಟ್ಟಿಯಾಗಿಡಲಿ.

ನಿಮ್ಮ ಸೊಸೆ,
ಝೆಲ್ಮೀರಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೇ ಇದ್ದದ್ದು. ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಅದಕ್ಕೇ ಬೇಗ ಬರೆಯುತ್ತಿದ್ದೇನೆ. ಕತ್ತಲಲ್ಲಿ ಗೊತ್ತಾಗಲಿಲ್ಲ ಎಂದು ನಿಮ್ಮ ಮಗ ಹೇಳಿದ್ದು ನನ್ನನ್ನು ಕಾಪಾಡಲು. ಅಟ್ಟದಲ್ಲಿ ಕತ್ತಲಿರಲಿಲ್ಲ, ಕಿಟಕಿಯಿಂದ ಹಿಮದ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಅವು ಏನೆಂದು ನನಗೆ ಗೊತ್ತಿತ್ತು. ನಾನು ಈ ಮನೆಗೆ ಬಂದ ಮೊದಲ ಚಳಿಗಾಲ, ಹೊಳೆಯ ದಂಡೆಯಲ್ಲಿ ನೀವು ಕಡಿದ ಕಾಂಡವನ್ನು ನಾವಿಬ್ಬರೇ ಹೊತ್ತು ತಂದೆವು, ದಪ್ಪ ತುದಿ ನಿಮ್ಮ ಹೆಗಲ ಮೇಲೆ, ಸಣ್ಣ ತುದಿ ನನ್ನ ಹೆಗಲ ಮೇಲೆ. ಅದನ್ನೇ ಎಲ್ಲಕ್ಕಿಂತ ಕೊನೆಗೆ ಗರಗಸಕ್ಕೆ ಇಟ್ಟೆ. ವಿಲ್ಮಜ್ಜಿಯ ಕೊಟ್ಟಿಗೆಯಲ್ಲಿ ಸೂರು ಮುಟ್ಟುವಷ್ಟು ಒಣ ಬೀಚ್ ಇರುವುದು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಕೇಳಿದ್ದರೆ ಬೈಯುತ್ತಾ ಆದರೂ ಕೊಡುತ್ತಿದ್ದಳು. ಅವಳ ಬಾಗಿಲಿಗೆ ಹೋಗಬಾರದೆಂದು ನಿಮ್ಮ ಮರ ಸುಟ್ಟೆ. ಮಗುವಿಗಾಗಿ ಅಲ್ಲ. ಶನಿವಾರ ನಿಮ್ಮನ್ನು ಕರೆತರಲು ನಾನೂ ಬರಲೇ, ನಿಮ್ಮ ಮಗ ಒಬ್ಬನೇ ಬರಲಿಯೇ, ಅಷ್ಟು ಮಾತ್ರ ತಿಳಿಸಿ.