ಎಳೆದು ಹಾಡಿದ ಆಮೆನ್

ತುಮಕೂರು
9 ಡಿಸೆಂಬರ್ 1999

ಪ್ರೀತಿಯ ಜ್ಞಾನಮಣಿ,

ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಕಾರ್ತಿಕ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಮೆಲ್ಲಗೆ. ನೀನು ರಿಟೈರಾಗಿದ್ದರೂ ನಿನ್ನ ಟೀಚರ್ ದನಿ ಇನ್ನೂ ರಿಟೈರಾಗಿರಲಾರದು. ಕುಣಿಗಲ್ಲಿನ ಗಾಳಿ ಒಗ್ಗಿತೇ? ಮಂಡಿನೋವು ಹೇಗಿದೆ?

ನಮ್ಮ ಕ್ಯಾಸೆಟ್ ಅಂಗಡಿಯ ಕಥೆ ಕೇಳು. ಅಯ್ಯಪ್ಪನ ಸೀಸನ್ನೂ ಕ್ರಿಸ್‌ಮಸ್ ಸೀಸನ್ನೂ ಒಟ್ಟಿಗೇ ಬಂದು ತಲೆ ಕೆಟ್ಟಿದೆ. ಬೆಂಗಳೂರಿನ ಕಂಪನಿಗಳು ಬರಲಿರುವ ಕ್ರಿಸ್‌ಮಸ್ ಕ್ಯಾಸೆಟ್‌ಗಳ ಪೋಸ್ಟರ್ ಕಳಿಸಿವೆ. ಹೋದ ವಾರ ಕಪ್ಪು ಪಂಚೆ ಉಟ್ಟು ಕೈಮುಗಿದಿದ್ದ ಗಾಯಕನೇ ಈ ವಾರ ಕೋಟು ಹಾಕಿ ಮೇಣದಬತ್ತಿ ಹಿಡಿದಿದ್ದಾನೆ. ಜನಪದ ಹಾಡುವವನದೊಂದು, ಭಾವಗೀತೆಯವಳದೊಂದು, ಪುಟಾಣಿ ಮಕ್ಕಳದೊಂದು. ಎಲ್ಲದರ ಮೇಲೂ ಅದೇ ನಕ್ಷತ್ರ, ಅದೇ ಕುರಿಮರಿ. ನಮ್ಮ ಯಜಮಾನರು ವಿಭೂತಿ ಹಚ್ಚಿಕೊಂಡು ಪೋಸ್ಟರ್ ಮುಂದೆ ನಿಂತು, "ಇದ್ರಾಗೆ ಯಾವ್ದು ಓಡ್ತದೆ ಅಂತ ಜ್ಞಾನಮಣಿನೇ ಕೇಳೇ" ಅಂದರು. ನೀನೇ ಹೇಳು, ನಿಮ್ಮ ಚರ್ಚಿನವರು ಯಾವುದನ್ನು ಕೊಳ್ಳುತ್ತಾರೆ?

ಆದರೆ ನಾನು ಬರೆಯಲು ಕೂತಿದ್ದು ಇದಕ್ಕಲ್ಲ. ಜೂನ್‌ನಲ್ಲಿ ನಮ್ಮ ಮಗಳು ಅಕ್ಷತಾ ಬೆಂಗಳೂರಿಗೆ ಹೋಗಿ ಕ್ರಿಸ್‌ಮಸ್ ಕ್ಯಾಸೆಟ್ಟಿಗೆ ಟ್ರ್ಯಾಕ್ ಹಾಡಿ ಬಂದದ್ದು ನಿನಗೆ ಗೊತ್ತು. ದೊಡ್ಡ ಗಾಯಕಿ ಕೇಳಿ ಕಲಿಯಲೆಂದು ಮೊದಲು ಬೇರೆಯವರ ಕೈಲಿ ಹಾಡಿಸಿಟ್ಟುಕೊಳ್ಳುತ್ತಾರೆ. ಆಮೇಲೆ ಅದನ್ನು ಅಳಿಸಿ, ಆ ಜಾಗದಲ್ಲಿ ಗಾಯಕಿ ಹಾಡುತ್ತಾಳೆ. ಆ ಗಾಯಕಿ ಮಂದಾಕಿನಿ. ಸೆಪ್ಟೆಂಬರ್‌ನಲ್ಲಿ ಅಕ್ಷತಾಗೆ ಥೈರಾಯ್ಡ್ ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಹಿಂದೆಯೇ ದನಿಯೂ ಹೋಯಿತು. ಈಗಲೂ ಪಿಸುಮಾತೇ. ಕಾಯಬೇಕು ಎನ್ನುತ್ತಾರೆ ಡಾಕ್ಟರು.

ಭಾನುವಾರ ಮಂದಾಕಿನಿಯ ಸ್ಯಾಂಪಲ್ ಕ್ಯಾಸೆಟ್ ಬಂತು. ಅಂಗಡಿಯಲ್ಲಿ ಹಾಕಿದೆ. ಬಿ ಸೈಡಿನ ಕೊನೆಯ ಹಾಡು ಶುರುವಾದಾಗ ನನ್ನ ಕೈಲಿದ್ದ ಕಾಫಿ ಲೋಟ ಹಾಗೇ ನಿಂತಿತು. ಅಯ್ಯೋ ಶಿವನೇ, ಇದು ನಮ್ಮ ಹುಡುಗಿಯ ಗಂಟಲು! ಇದ್ದ ಅನುಮಾನವೂ ಕೊನೆಯ ಆಮೆನ್ ಬಂದಾಗ ತೀರಿತು. ನೆನಪಿದೆಯಾ, ನಿನ್ನ ಚರ್ಚಿನ ಕ್ವಾಯರ್‌ಗೆ ಹಾಡಲು ಬಂದಾಗ ಅವಳು ಆಮೆನ್ ಎಳೆಯುತ್ತಿದ್ದದ್ದು? ಮಠದಲ್ಲಿ ವಚನ ಕಲಿತ ಹುಡುಗಿ, ಕೊನೆಗೆ ಅಂಕಿತ ಬಂದರೆ ಎಳೆದು, ಮೇಲೇರಿಸಿ, ಇಳಿಸಿಯೇ ಬಿಡಬೇಕು. ನೀನು ಅಂದಿದ್ದೆ, "ಲೇ ಅಕ್ಷತಾ, ಯೇಸುಸ್ವಾಮಿಗೆ ಲಿಂಗ ಕಟ್ಬೇಡ ಕಣೇ, ಆಮೆನ್ ಅಂದು ಬಾಯ್ಮುಚ್ಚು!" ಎಲ್ಲರೂ ಬಿದ್ದೂ ಬಿದ್ದೂ ನಕ್ಕಿದ್ದೆವು. ಅದೇ ಆಮೆನ್, ಹಾಗೇ ಉಳಿದುಬಿಟ್ಟಿದೆ.

ಗುಬ್ಬಿಯ ಕೊಬ್ಬರಿ ವ್ಯಾಪಾರಿ ದೊಡ್ಡರಂಗಯ್ಯ ಅಯ್ಯಪ್ಪನ ಕ್ಯಾಸೆಟ್ ಕೊಳ್ಳಲು ಬಂದವನು ಕಿವಿಗೊಟ್ಟು ನಿಂತ. "ಯಾರವ್ವ ಹಾಡಿರೋದು? ಏನ್ ಚೆಂದಾಗ್ ಎಳೀತಾವ್ಳೆ! ನಂಗೂ ಒಂದ್ ಕೊಡಿ" ಅಂದ. ಇನ್ನೂ ಬಿಡುಗಡೆಯಾಗಿಲ್ಲ ಅಂದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದನಿ ನಮ್ಮದು, ರ್‍ಯಾಪರ್ ಮೇಲೆ ಹೆಸರು ಮಂದಾಕಿನಿಯದು.

ನಮ್ಮವರು ಸುಮ್ಮನಿರುವ ಆಸಾಮಿಯೇ? "ಹೆಸ್ರು ಹಾಕ್ಸೇ ಹಾಕಿಸ್ತೀನಿ" ಎಂದು ಕಂಪನಿಗೆ ಫೋನು ಮಾಡಿದರು. ಆ ಕಡೆಯವನು ಗಾಬರಿಯಾಗಿ, "ಅಯ್ಯೋ, ಒಂದು ಹಾಡು ಡಬ್ ಆಗೋದು ಮಿಸ್ಸಾಗಿದೆ ಸಾರ್. ಒಳ್ಳೇದಾಯ್ತು ಹೇಳಿದ್ದು! ಈ ವಾರ ಮೇಡಂ ಬಂದು ಹಾಡ್ತಾರೆ. ಆ ಸ್ಯಾಂಪಲ್ ವಾಪಸ್ ಕಳ್ಸಿಬಿಡಿ" ಅಂದನಂತೆ. ಬಾಯಿಬಿಡದೇ ಇದ್ದಿದ್ದರೆ ಕ್ರಿಸ್‌ಮಸ್ಸಿಗೆ ಊರೂರಿನಲ್ಲಿ ನಮ್ಮ ಮಗಳ ದನಿ ಕೇಳುತ್ತಿತ್ತು. ಹೆಸರು ಕೇಳಲು ಹೋಗಿ ದನಿಯನ್ನೇ ಕಳೆದುಕೊಂಡೆವು. ಅವರನ್ನು ಬೈಯಲೂ ಬಾಯಿ ಬರಲಿಲ್ಲ; ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಅಥವಾ ಮಾಡುತ್ತಿರಲಿಲ್ಲವೋ. ನನಗೆ ಒಂದೂ ಗೊತ್ತಾಗುತ್ತಿಲ್ಲ ಕಣೇ.

ಕಾಪಿ ಮಾಡಿಟ್ಟುಕೊಳ್ಳುವುದು ನಮಗೇನೂ ಕಷ್ಟವಲ್ಲ, ಒಂದು ಮಾಡಿದ್ದೇನೆ. ಆದರೆ ಬೀರುವಿನಲ್ಲಿಡಲು ಯಾರಾದರೂ ಹಾಡುತ್ತಾರೆಯೇ? ನಾಲ್ಕು ಜನ ಕೇಳಬೇಕು. ಅದಕ್ಕೇ ಸ್ಯಾಂಪಲ್ ಅನ್ನು ಈ ಕಾಗದದ ಜೊತೆ ನಿನಗೆ ಕಳಿಸುತ್ತಿದ್ದೇನೆ. ಸ್ಯಾಂಪಲ್ ತಂದುಕೊಡುವ ಕಂಪನಿಯ ಗಂಗಣ್ಣ ಕೇಳಿದರೆ ಟೇಪು ಸಿಕ್ಕಿಕೊಂಡು ಹರಿಯಿತು ಅನ್ನುತ್ತೇನೆ. ಕ್ರಿಸ್‌ಮಸ್ ಬೆಳಿಗ್ಗೆ ನಿಮ್ಮ ಚರ್ಚಿನ ಅಂಗಳದಲ್ಲಿ ಜೋರಾಗಿ ಹಾಕು. ಯಾರದು ಅಂತ ಕೇಳಿದರೆ ಹೆಸರು ಹೇಳು. ಇನಿಶಿಯಲ್ ಸಮೇತ ಹೇಳು.

ನಿನ್ನ ಮೊಮ್ಮಗುವಿಗೆ ನೂರು ವರ್ಷ ಆಯುಸ್ಸಿರಲಿ. ಈ ಸಲ ರೋಸ್ ಕುಕ್ಕೀಸ್ ಕಳಿಸಲು ಮರೆಯಬೇಡ, ನಮ್ಮವರು ಈಗಲೇ ಡಬ್ಬ ತೊಳೆದಿಟ್ಟಿದ್ದಾರೆ.

ನಿನ್ನ,
ಶಿವರುದ್ರಮ್ಮ

ಮರೆತಿದ್ದು: ಪಾರ್ಸೆಲ್ ಕಟ್ಟುವಾಗ ಅಕ್ಷತಾ ಅಂಗಡಿಗೆ ಬಂದಳು. ಮುಚ್ಚಿಡಲು ನೋಡಿದೆ, ಬಿಡಲಿಲ್ಲ. "ಹಾಕಮ್ಮ" ಅಂದಳು. ಪೂರ್ತಿ ಕೇಳಿದಳು. ಆಮೆನ್ ಬಂದಾಗ ನಕ್ಕುಬಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: "ಬರೋ ವರ್ಷ ಎಳೀದೆ, ಸರಿಯಾಗಿ ಹಾಡ್ತೀನಿ ಅಂತ ಟೀಚರ್‌ಗೆ ಬರಿ." ಕಾಯಬೇಕು ಅಂತ ಮೇಲೆ ಬರೆದದ್ದು ಸುಳ್ಳು ಕಣೇ. ದನಿಯ ನರವೇ ಹೋಗಿದೆ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಸೋಮವಾರ ನಮ್ಮಿಬ್ಬರನ್ನೇ ಕರೆದು ಹೇಳಿದ್ದಾರೆ. ಅವಳಿಗೆ ಇನ್ನೂ ಹೇಳಿಲ್ಲ. ಬರಿ ಅಂದಳು, ಬರೆದಿದ್ದೇನೆ.