ಮೊಣಕಾಲಿಗಿಂತ ಕೆಳಗೆ

ಅಲಾರಂ ರಿಪೇರಿಯ ತಮ್ಮನಿಗೆ,

ನಿನ್ನೆ ನೀನು ಗೇಟಿನವರೆಗೆ ಬಂದು, ಒಳಗೆ ಬಾರದೆ ಹಿಂತಿರುಗಿದೆಯೆಂದು ಪಕ್ಕದ ಮನೆಯವರು ಹೇಳಿದರು. ಅದಕ್ಕೇ ಈ ಪತ್ರ.

ಕಳ್ಳರಿಗೆಂದು ಹಾಕಿಸಿದ ಅಲಾರಂ ನಮ್ಮ ಬೆಕ್ಕು ಓಡಾಡಿದರೂ ಕಿರುಚುತ್ತಿತ್ತು. ಪ್ರತಿ ಸಲವೂ ಫೋನಿಗೆ ಸುದ್ದಿ ಬಂದು, ನಾನು ಹೊಲಿಗೆ ಬಿಟ್ಟು ಕಾರ್ಖಾನೆಯಿಂದ ಓಡಿಬರುತ್ತಿದ್ದೆ. "ಹೇಗಾದ್ರೂ ಇದರ ಬಾಯಿ ಮುಚ್ಚಿಸಪ್ಪ" ಎಂದವಳು ನಾನೇ.

"ಮೊಣಕಾಲಿಗಿಂತ ಕೆಳಗೆ ಏನು ಓಡಾಡಿದ್ರೂ ಕೂಗದ ಹಾಗೆ ಮಾಡ್ತೀನಿ. ಹಗಲು ಮನೇಲಿ ಯಾರಾದ್ರೂ ಇರ್ತಾರಾ ಅಕ್ಕಾ?" ಎಂದು ನೀನು ಕೇಳಿದ್ದೆ.

"ಅಪ್ಪ ಇರ್ತಾರೆ. ಆದ್ರೆ ಕೋಣೆ ಬಿಟ್ಟು ಈಚೆ ಬರಲ್ಲ" ಎಂದೆ.

ಕಳೆದ ಮಂಗಳವಾರ ಅಪ್ಪ ಈಚೆ ಬಂದಿದ್ದರು. ಕೋಣೆಯಲ್ಲಿ ಬಿದ್ದು, ಏಳಲಾಗದೆ, ನಡುಮನೆಯುದ್ದಕ್ಕೂ ತೆವಳಿಕೊಂಡು ಬಾಗಿಲವರೆಗೆ ಬಂದಿದ್ದರು. ಅಲಾರಂ ಕೂಗಲಿಲ್ಲ. ಸಂಜೆ ನಾನು ಬಾಗಿಲು ತೆಗೆದಾಗ ಹೊಸ್ತಿಲ ಮೇಲಿದ್ದ ಅವರ ಕೈ ತಣ್ಣಗಾಗಿತ್ತು.

ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ನೀನು ಮಾಡಿಕೊಟ್ಟಿದ್ದೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಊಟ ಬಿಡಬೇಡ.

ಒಂದು ಕೆಲಸವಿದೆ. ಬಿಡುವಾದಾಗ ಒಳಗೆ ಬಂದು, ಆ ಅಲಾರಂ ಗೋಡೆಯಿಂದ ಬಿಚ್ಚಿಕೊಡು. ಸ್ಟೂಲು ಹತ್ತಿದರೆ ನನಗೂ ಎಟುಕುತ್ತದೆ. ಕೈ ಬರುತ್ತಿಲ್ಲ.

ಇಂತಿ,
ಅಕ್ಕ